ಬ್ರಹ್ಮಕಮಲಕ್ಕೆ ನಿಮ್ಮ ಜಾತಕ ಗೊತ್ತಿಲ್ಲ

ಹೋದ ವರ್ಷ ಜುಲೈನ ಒಂದು ಶುಕ್ರವಾರ ರಾತ್ರಿ ಒಂಬತ್ತೂಕಾಲಿಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಬಂತು. "ನಮ್ಮ ಮನೆಯಲ್ಲಿ ಬ್ರಹ್ಮಕಮಲ ಅರಳುತ್ತಿದೆ. 12 ವರ್ಷಕ್ಕೊಮ್ಮೆ ಸಿಗುವ ಭಾಗ್ಯ. ಎಲ್ಲರೂ ಬಂದು ದರ್ಶನ ಮಾಡಿ." ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು. ನೀರಿನ ಟ್ಯಾಂಕರ್ ದುಡ್ಡಿನ ಬಗ್ಗೆ ಜಗಳ ಆಡ್ತಿದ್ದವರೆಲ್ಲ ಜಗಳ ಅರ್ಧಕ್ಕೆ ಬಿಟ್ಟು ನಾಲ್ಕನೇ ಮಹಡಿ ಹತ್ತಿದರು. ನಾನೂ ಹೋದೆ. ಹೂವು ಅಂದ್ರೆ ನಾನೂ ಬಿಡೋಳಲ್ಲ.

ಹೂವು ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಅಂಗೈಗಿಂತ ದೊಡ್ಡದಾದ ಮೂರು ಬಿಳಿ ಹೂವು, ನೋಡ್ತಾ ನೋಡ್ತಾ ಬಿಚ್ಚಿಕೊಳ್ಳುತ್ತಿದ್ದವು. ಕುಂಡಕ್ಕೆ ಅರಿಶಿನ ಕುಂಕುಮ, ಮುಂದೆ ದೀಪ, ಒಂದು ಕಟ್ಟು ಊದಿನಕಡ್ಡಿ. ಆ ಹೊಗೆಯಲ್ಲಿ ಹೂವಿನ ಪರಿಮಳ ಯಾರ ಮೂಗಿಗೂ ತಲುಪಲಿಲ್ಲ ಅನ್ನೋದು ಬೇರೆ ಮಾತು. ಸೆಲ್ಫಿ ಆಯ್ತು, ಆರತಿ ಆಯ್ತು, ಕೇಸರಿಭಾತೂ ಬಂತು. ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನಮ್ಮ ಫ್ಲೋರಿನ ಹುಡುಗಿಯೊಬ್ಬಳು, ಮದುವೆಯಾಗಿ ಐದು ವರ್ಷ, ಸುಮ್ಮನೆ ಕೇಳಿದಳು: "ಆಂಟಿ, ನಮ್ಮನೇಲೂ ಗಿಡ ಇದೆ. ನಾಲ್ಕು ವರ್ಷ ಆಯ್ತು, ಒಂದು ಹೂವೂ ಬಿಟ್ಟಿಲ್ಲ. ಏನು ಹಾಕ್ತೀರ ನೀವು?"

ಗೊಬ್ಬರದ ಹೆಸರು ಕೇಳಿದ್ದಳು ಪಾಪ. ಬಂದ ಉತ್ತರ: "ಎಲ್ಲಾ ಮನೇಲೂ ಬಿಡಲ್ಲಮ್ಮ. ಅದಕ್ಕೂ ಯೋಗ ಬೇಕು."

ಕನ್ನಡ ಬಲ್ಲವರಿಗೆ ಆ 'ಅದಕ್ಕೂ' ಅನ್ನೋದರ ಕೊನೆಯ ದೀರ್ಘ ಏನು ಮಾಡುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿದ್ದ ಎಲ್ಲರಿಗೂ ಅರ್ಥವಾಯ್ತು. ಅವಳು ಕೇಸರಿಭಾತಿನ ಪ್ಲೇಟು ನೋಡ್ತಾ ನಿಂತಳು. ನಾನು ಬಾಯಿ ಬಿಡಲಿಲ್ಲ. ಆ ತಪ್ಪಿಗೇ ಈಗ ಇಷ್ಟುದ್ದ ಬರೀತಿರೋದು.

ಮೊದಲು ಈ 12 ವರ್ಷದ ಕಥೆ ಮುಗಿಸಿಬಿಡೋಣ. ಬ್ರಹ್ಮಕಮಲ 12 ವರ್ಷಕ್ಕೊಮ್ಮೆ ಅರಳಲ್ಲ. ಚೆನ್ನಾಗಿ ಬೆಳೆದ ಗಿಡ ಪ್ರತಿ ವರ್ಷ ಬಿಡುತ್ತೆ, ಒಂದೇ ಮಳೆಗಾಲದಲ್ಲಿ ಎರಡು ಮೂರು ಸಲ ಬಿಡೋದೂ ಉಂಟು. ತುಂಡು ನೆಟ್ಟರೆ ಸಾಮಾನ್ಯವಾಗಿ ಎರಡು ಮೂರು ವರ್ಷದಲ್ಲಿ ಮೊದಲ ಹೂವು. ನಿಮಗೆ 12 ವರ್ಷದ ಲೆಕ್ಕವೇ ಬೇಕು ಅಂದ್ರೆ ನೀಲಕುರಿಂಜಿ ಇದೆ. ಮುನ್ನಾರಿನಲ್ಲಿ 2006ರಲ್ಲಿ ಅರಳಿತ್ತು, ಆಮೇಲೆ 2018ರಲ್ಲಿ. ಆ ಗಿಡದ ಕಥೆ ತಂದು ಈ ಗಿಡದ ಕೊರಳಿಗೆ ಕಟ್ಟಿದ್ದು ಯಾರೋ, ಪ್ರತಿ ಜೂನಿನಲ್ಲಿ 'ಅಪರೂಪದ ಬ್ರಹ್ಮಕಮಲ' ಅಂತ ಪೇಪರಿನವರು ಫೋಟೋ ಹಾಕ್ತಾನೇ ಇದ್ದಾರೆ. ಪ್ರತಿ ವರ್ಷ, ಪ್ರತಿ ಊರಿನಲ್ಲಿ, ಪ್ರತಿ ಬೀದಿಯಲ್ಲಿ ಅರಳೋದು ಅದೆಂಥ ಅಪರೂಪವೋ!

ಇನ್ನೊಂದು ಗುಂಪಿದೆ. ಹೂವಿನ ಫೋಟೋ ಬಂದ ಎರಡನೇ ನಿಮಿಷಕ್ಕೆ "ಇದು ನಿಜವಾದ ಬ್ರಹ್ಮಕಮಲ ಅಲ್ಲ ಕಣ್ರೀ" ಅಂತ ಲಿಂಕ್ ಕಳಿಸೋರು. ಅವರು ಹೇಳೋದು ಸರಿಯೇ. ಹಿಮಾಲಯದ ಬ್ರಹ್ಮಕಮಲ ಅಂದ್ರೆ ಸಾಸುರಿಯಾ ಒಬ್ವಲ್ಲಾಟಾ, ಉತ್ತರಾಖಂಡದ ರಾಜ್ಯಪುಷ್ಪ. ಸೂರ್ಯಕಾಂತಿಯ ಕುಟುಂಬದ್ದು. ಮೂರೂವರೆ ಸಾವಿರ ಮೀಟರಿಗಿಂತ ಮೇಲೆ, ಬಂಡೆಗಳ ನಡುವೆ ಬೆಳೆಯುತ್ತೆ. ಕೇದಾರ, ಬದರಿಯಲ್ಲಿ ದೇವರಿಗೆ ಏರುತ್ತೆ. ನಮ್ಮ ಕುಂಡದಲ್ಲಿರೋದು ಎಪಿಫಿಲಮ್ ಆಕ್ಸಿಪೆಟಾಲಮ್, ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯಿಂದ ಬಂದ ಕಳ್ಳಿ. ಹೌದು, ಕಳ್ಳಿ. ನಮ್ಮ ಬೇಲಿಯ ಪಾಪಸುಕಳ್ಳಿಯ ಬಂಧು, ಡ್ರ್ಯಾಗನ್ ಫ್ರೂಟಿಗೆ ಇನ್ನೂ ಹತ್ತಿರದ ನೆಂಟ. ಡ್ರ್ಯಾಗನ್ ಫ್ರೂಟ್ ತೋಟಕ್ಕೆ ರಾತ್ರಿ ಹೊತ್ತು ಹೋಗಿ ನೋಡಿ, ಹೆಚ್ಚುಕಮ್ಮಿ ಇದೇ ಹೂವು ಸಾಲು ಸಾಲು ಅರಳಿರುತ್ತೆ. ಅಲ್ಲಿ ಯಾರೂ ಆರತಿ ಎತ್ತಲ್ಲ, ಹಣ್ಣಿನ ರೇಟು ಕೇಳ್ತಾರೆ.

ಆದರೆ ನನಗೆ ಹೆಸರಿನ ಬಗ್ಗೆ ತಕರಾರಿಲ್ಲ. ಶಿವನ ಗುಡಿಯ ಮುಂದಿನ ನಾಗಲಿಂಗಪುಷ್ಪದ ಮರ ದಕ್ಷಿಣ ಅಮೆರಿಕದ್ದು. ದೇವಕಣಗಿಲೆಯೂ ಅಮೆರಿಕ ಖಂಡದಿಂದಲೇ ಬಂದದ್ದು. ಮೆಣಸಿನಕಾಯಿ ವಿಷಯ ಎತ್ತಿದರೆ ಬ್ಯಾಡಗಿಯವರು ನನ್ನನ್ನು ಊರೊಳಗೆ ಬಿಡಲ್ಲ. ಕೇರಳದವರು ಇದೇ ಹೂವನ್ನು ನಿಶಾಗಂಧಿ ಅಂತಾರೆ, ತಿರುವನಂತಪುರದಲ್ಲಿ ಆ ಹೆಸರಿನ ನೃತ್ಯೋತ್ಸವವೇ ಇದೆ. ಒಳ್ಳೆ ಹೆಸರು. ನಮ್ಮಮ್ಮನಿಗೆ ಮಾತ್ರ ಇದು ಬ್ರಹ್ಮಕಮಲ, ಹಾಗಾಗಿ ನನಗೂ. ಪೂಜೆ ಮಾಡ್ತೀರಾ? ಮಾಡಿ. ಅಷ್ಟು ಚೆಂದದ್ದಕ್ಕೆ ಕೈ ಮುಗಿಯೋದರಲ್ಲಿ ತಪ್ಪೇನಿದೆ. ನನ್ನ ಜಗಳ ಇರೋದು 'ಯೋಗ' ಅನ್ನೋ ಪದದ ಜೊತೆ.

ಯಾಕೆ ಅಂದ್ರೆ ಅದು ಒಂದು ಕಡೆ ಮಾತ್ರ ಬರೆಯೋ ಲೆಕ್ಕದ ಪುಸ್ತಕ ಅಲ್ಲ. ಅರಳಿದ ಮನೆಗೆ ಪುಣ್ಯ ಅಂತ ಬರೆದರೆ, ಅರಳದ ಮನೆಗೆ ಏನು ಬರೀತೀರಿ?

ಶಿವಮೊಗ್ಗದ ನಮ್ಮ ಮನೆಗೆ ಈ ಗಿಡ ಬಂದದ್ದು ಹಳೆ ಪೇಪರಿನಲ್ಲಿ ಸುತ್ತಿದ ಒಂದು ತುಂಡಾಗಿ, ಹಿಂದಿನ ಬೀದಿಯ ಟೀಚರ್ ಮನೆಯಿಂದ. ಮೂರನೇ ಮಳೆಗಾಲಕ್ಕೆ ಎರಡು ಹೂವು ಬಿಟ್ಟಿತು. ಆಮೇಲೆ ಐದು ವರ್ಷ ತಪ್ಪದೆ ಬಿಟ್ಟಿತು. ಆರನೇ ವರ್ಷ ಇಲ್ಲ. ಏಳನೇ ವರ್ಷವೂ ಇಲ್ಲ. ಅದೇ ವರ್ಷ ದೀಪಾವಳಿಗೆ ಮೊದಲು ಅಪ್ಪ ಹೋದರು. ಹನ್ನೊಂದನೇ ದಿನ, ಮನೆ ತುಂಬ ಜನ ಇರುವಾಗ, ನನ್ನ ದೊಡ್ಡತ್ತೆ ಜಗಲಿಯ ಮೇಲೆ ಕೂತು, "ಆ ಬ್ರಹ್ಮಕಮಲ ಬಿಡೋದು ನಿಲ್ಲಿಸಿದಾಗಲೇ ನಂಗೆ ಅನ್ನಿಸ್ತು" ಅಂದರು. ಅಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಿಜವಾಗಿ ಆದದ್ದೇನು ಗೊತ್ತಾ? ಐದನೇ ಮತ್ತು ಆರನೇ ವರ್ಷದ ನಡುವೆ ಪೂರ್ವದ ಖಾಲಿ ಸೈಟಿನಲ್ಲಿ ಎರಡಂತಸ್ತಿನ ಮನೆ ಎದ್ದಿತ್ತು. ಗಿಡಕ್ಕೆ ಬೀಳುತ್ತಿದ್ದ ಬೆಳಗಿನ ಬಿಸಿಲು ಪೂರ್ತಿ ನಿಂತುಹೋಗಿತ್ತು. ಅಷ್ಟೇ. ನಮ್ಮಪ್ಪನ ಹೃದಯಕ್ಕೂ ಪಕ್ಕದ ಮನೆಯ ಗೋಡೆಗೂ ಯಾವ ಸಂಬಂಧವೂ ಇರಲಿಲ್ಲ.

ಅಮ್ಮ ಆ ಕುಂಡವನ್ನು ಹಿತ್ತಲಿಗೆ ಎಳೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೀಬೆಮರದ ಕೆಳಗೆ ಬಿಟ್ಟಳು. ಕಣ್ಣೆದುರು ಬೇಡ ಅನ್ನಿಸಿರಬೇಕು. ಮುಂದಿನ ವರ್ಷವೂ ಅಲ್ಲೇ ಇತ್ತು. ಅದರ ಮುಂದಿನ ವರ್ಷ ನಾನು ರಜೆಗೆ ಹೋದಾಗ ಹಿತ್ತಲಲ್ಲಿ ಸೊರಗಿ ಜೋತುಬಿದ್ದ ಹೂವುಗಳನ್ನು ಎಣಿಸಿದೆ: ಹನ್ನೊಂದು. ಒಂದೇ ರಾತ್ರಿಯದು. "ಅಮ್ಮಾ, ಹೇಳಲೇ ಇಲ್ವಲ್ಲ!" ಅಂದೆ. ಅವಳು ಸೀರೆ ಹಿಂಡುತ್ತಾ, ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡ. ಗಂಡ ಹೋದ ಮನೇಲಿ ಇಷ್ಟು ಹೂವು ಬಿಟ್ಟಿದೆ ಅಂದ್ರೆ ಏನಂದ್ಕೋತಾರೆ" ಅಂದಳು.

ಬಿಡದೇ ಇದ್ದಾಗ ಅಪಶಕುನ, ಬಿಟ್ಟಾಗ ನಾಚಿಕೆ. ಹನ್ನೊಂದು ಹೂವನ್ನು ಒಬ್ಬ ಹೆಂಗಸು ಕಳ್ಳಸಾಗಣೆಯ ಮಾಲಿನಂತೆ ಬಚ್ಚಿಡಬೇಕಾಯ್ತು. ನಿಮ್ಮ 'ಭಾಗ್ಯ' ಅನ್ನೋ ಮೆಸೇಜಿನ ಇನ್ನೊಂದು ಮಗ್ಗುಲು ಇದು.

ಸೀಬೆಮರದ ಕೆಳಗೆ ಅದು ಯಾಕೆ ಬಿಟ್ಟಿತು ಅನ್ನೋದಕ್ಕೆ ಕಾರಣ ಇದೆ. ಕಳ್ಳಿ ಅಂದ ಕೂಡಲೇ ನಮಗೆ ಮರುಭೂಮಿ ನೆನಪಾಗುತ್ತೆ, ಇದು ಆ ಜಾತಿಯದ್ದಲ್ಲ. ಇದು ಕಾಡಿನ ಕಳ್ಳಿ. ಮಲೆನಾಡಿನವರಿಗೆ ಸೀತಾಳೆ ದಂಡೆ ಗೊತ್ತಲ್ಲ, ಮರದ ಕೊಂಬೆಗೆ ಅಂಟಿಕೊಂಡು, ಮರದ ರಸಕ್ಕೆ ಬಾಯಿ ಹಾಕದೆ, ತನ್ನ ಪಾಡಿಗೆ ತಾನು ಬದುಕೋದು? ಇದರ ಸ್ವಭಾವವೂ ಅದೇ. ಕೊಂಬೆಯ ಸಂದಿಯಲ್ಲಿ ಸೇರಿಕೊಂಡ ತರಗೆಲೆ ಪುಡಿಯೇ ಅದರ ಮಣ್ಣು. ಮಳೆ ಬಂದಾಗ ನೆನೆಯುತ್ತೆ, ಗಾಳಿ ಬೀಸಿದಾಗ ಒಣಗುತ್ತೆ. ಮರದ ಎಲೆಗಳ ನಡುವಿನಿಂದ ಸೋಸಿ ಬರೋ ಬಿಸಿಲು. ನಾವು ಎಲೆ ಅನ್ನೋದು ನಿಜಕ್ಕೂ ಎಲೆಯೂ ಅಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನ ಕಚ್ಚುಗಳಲ್ಲಿ ಹೂವು ಮೂಡೋದು. ರಾತ್ರಿ ಅರಳೋದು ನಮ್ಮ ಆರತಿಗಲ್ಲ, ಕತ್ತಲಲ್ಲಿ ಹಾರೋ ದೊಡ್ಡ ಪತಂಗಗಳಿಗೆ. ಬಿಳಿ ಬಣ್ಣ, ಆ ಪರಿಮಳ, ಎಲ್ಲ ಅವಕ್ಕೆ ಕಳಿಸಿದ ಆಮಂತ್ರಣ.

ಆ ಶುಕ್ರವಾರ ಆದ ಮೇಲೆ, ಭಾನುವಾರ ನಾನು ಆ ಹುಡುಗಿಯ ಮನೆಗೆ ಹೋದೆ. "ಗಿಡ ತೋರಿಸು" ಅಂದೆ. ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನಿನ ಹಿಂದೆ, ಏಸಿಯ ಹೊರಗಿನ ಡಬ್ಬದ ಬಿಸಿಗಾಳಿ ನೇರ ಮುಖಕ್ಕೆ ಹೊಡೆಯೋ ಜಾಗದಲ್ಲಿ ಇತ್ತು. ತಟ್ಟೆಯಲ್ಲಿ ನೀರು ನಿಂತಿತ್ತು. ಕಾಂಡದ ಬುಡದಲ್ಲಿ ಬೆಳ್ಳಗೆ ಹತ್ತಿಯಂತೆ ಹಿಟ್ಟು ತಿಗಣೆ. ಇಲ್ಲಿ ಯಾಕಿಟ್ಟೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ಎರಡು ವರ್ಷದ ಹಿಂದೆ ಅದು ಪೂರ್ವದ ಬಾಲ್ಕನಿಯಲ್ಲಿತ್ತು. ನಾಲ್ಕು ಮೊಗ್ಗು ಬಂದಿತ್ತು. ಶುಭ ಅಂತ ಅತ್ತೆ ಹೇಳಿದರು ಅಂತ ಕುಂಡವನ್ನು ಒಳಗೆ, ದೇವರ ಕೋಣೆಗೆ ತಂದಿಟ್ಟಳು. ವಾರದಲ್ಲಿ ನಾಲ್ಕೂ ಉದುರಿತು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಅಮ್ಮನನ್ನು ನೆನೆದುಕೊಂಡೆ. ಆಮೇಲೆ, ಆಗಲೇ ಹೇಳಬೇಕಿದ್ದ ಮಾತನ್ನು ಹೇಳಿದೆ. ಮೊಗ್ಗು ಬಂದ ಮೇಲೆ ಕುಂಡ ಕದಲಿಸಿದರೆ, ಬೆಳಕು ಒಮ್ಮೆಲೇ ಬದಲಾದರೆ, ಈ ಗಿಡ ಮೊಗ್ಗು ಉದುರಿಸುತ್ತೆ. ಎಲ್ಲರ ಮನೆಯಲ್ಲೂ. ನಾಲ್ಕನೇ ಮಹಡಿಯವರು ದೇವರ ಕೋಣೆಗೆ ಎತ್ತಿಟ್ಟಿದ್ದರೂ ಉದುರುತ್ತಿತ್ತು. ನಿನ್ನ ಕೈಗೆ ಏನೂ ಆಗಿಲ್ಲ.

ಆಮೇಲೆ ಇಬ್ಬರೂ ಸೇರಿ ಕೆಲಸಕ್ಕೆ ಕೂತೆವು. ಅವಳು ಹಾಕಿದ್ದು ಬರೀ ಕೆಂಪು ಮಣ್ಣು, ಕೆಸರಾಗಿ ಗಟ್ಟಿ ಕಟ್ಟಿತ್ತು. ಬೇರು ಅರ್ಧ ಕೊಳೆತಿತ್ತು. ಕೊಳೆತದ್ದನ್ನು ಕತ್ತರಿಸಿ, ಕೋಕೋಪೀಟ್, ಎರೆಗೊಬ್ಬರ, ತರಗೆಲೆ ಗೊಬ್ಬರ, ಒಂದಷ್ಟು ಇಟ್ಟಿಗೆ ಚೂರು, ಇದ್ದಿಲ ಚೂರು ಕಲೆಸಿ ಹಾಕಿದೆವು. ನೀರು ಸುರಿದರೆ ತಕ್ಷಣ ಕೆಳಗೆ ಇಳಿದುಹೋಗಬೇಕು, ಅದೊಂದೇ ಪರೀಕ್ಷೆ. ದೊಡ್ಡ ಕುಂಡ ಬೇಡ ಅಂದೆ. ಇದಕ್ಕೆ ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೇನೇ ಹೂ ಬಿಡೋ ಮನಸ್ಸು. ತಿಗಣೆಗೆ ಬೇವಿನೆಣ್ಣೆ, ಸೋಪಿನ ನೀರು. ಜಾಗ ಮತ್ತೆ ಪೂರ್ವದ ಬಾಲ್ಕನಿ: ಹತ್ತು ಗಂಟೆವರೆಗಿನ ಬಿಸಿಲು, ಆಮೇಲೆ ನೆರಳಿನ ಬೆಳಕು. ಮಧ್ಯಾಹ್ನದ ಬಿಸಿಲು ಬಿದ್ದರೆ ಹಳದಿಯಾಗಿ ಸುಟ್ಟುಹೋಗುತ್ತೆ. ಮೇಲಿನ ಮಣ್ಣು ಒಣಗಿದೆಯಾ ಅಂತ ಬೆರಳು ಹಾಕಿ ನೋಡದೆ ನೀರು ಹಾಕ್ಬೇಡ, ಡಿಸೆಂಬರ್ ಜನವರಿಯಲ್ಲಂತೂ ಕೈ ಬಿಗಿ ಹಿಡಿ ಅಂದೆ. ಯೂರಿಯಾದಂಥದ್ದು ಸುರಿದರೆ ಹಸಿರು ಮಾತ್ರ ಬೆಳೆಯುತ್ತೆ, ಹೂವಲ್ಲ. ಉಳಿದ ಎರಡು ಒಳ್ಳೆ ತುಂಡುಗಳನ್ನು ವಾರ ಕಾಲ ನೆರಳಲ್ಲಿ ಬಿಟ್ಟು, ಕತ್ತರಿಸಿದ ಬಾಯಿ ಒಣಗಿದ ಮೇಲೆ ನೆಡು ಅಂತ ಹೇಳಿ ಬಂದೆ.

ಇದರಲ್ಲಿ ಯೋಗ ಎಲ್ಲಿದೆ, ಹೇಳಿ. ಬೆಳಕಿದೆ, ಗಾಳಿಯಿದೆ, ಬೆರಳ ತುದಿಯ ಮಣ್ಣಿದೆ. ಅಂದಹಾಗೆ ನಾಲ್ಕನೇ ಮಹಡಿಯ ಆ ಗಿಡಕ್ಕೆ ಆರು ವರ್ಷದಿಂದ ದಿನಾ ಮಣ್ಣು ಮುಟ್ಟಿ ನೋಡಿ ನೀರು ಹಾಕುತ್ತಿದ್ದವರು ಆ ಮನೆಯ ಕೆಲಸಕ್ಕೆ ಬರೋ ಅಕ್ಕ. ಲಿಫ್ಟಿನಲ್ಲಿ ಸಿಕ್ಕಾಗ ಅವರೇ ಹೇಳಿದರು. ಹೂವು ಅರಳಿದ್ದು ರಾತ್ರಿ ಹತ್ತಕ್ಕೆ, ಅವರು ಮನೆಗೆ ಹೋಗೋದು ಸಂಜೆ ಐದಕ್ಕೆ. ಅಷ್ಟು ವರ್ಷದಲ್ಲಿ ಒಂದು ಸಲವೂ ಅರಳಿದ್ದನ್ನು ನೋಡಿಲ್ಲ. ಮಾರನೇ ದಿನ ಬೆಳಿಗ್ಗೆ ಬಾಡಿದ್ದನ್ನು ಕಿತ್ತು ಡಸ್ಟ್‌ಬಿನ್ನಿಗೆ ಹಾಕೋ ಕೆಲಸ ಮಾತ್ರ ಅವರದ್ದು. ಪುಣ್ಯದ ಲೆಕ್ಕ ಬರೆಯೋರು ಇದನ್ನು ಯಾವ ಕಾಲಮ್ಮಿಗೆ ಹಾಕ್ತಾರೋ ನೋಡಬೇಕು.

ಹುಡುಗಿಯ ಗಿಡ ಈ ವರ್ಷ ಬಿಟ್ಟಿಲ್ಲ. ಬೇರು ಅಷ್ಟು ಪೆಟ್ಟು ತಿಂದಿತ್ತು, ಮುಂದಿನ ವರ್ಷವೂ ಬಿಡದೇ ಇರಬಹುದು, ಹಾಗಂತ ಅವಳಿಗೆ ಹೇಳಿದ್ದೇನೆ. ಮೊನ್ನೆ ಬೆಳಿಗ್ಗೆ ಆರೂ ನಲವತ್ತಕ್ಕೆ ಫೋಟೋ ಕಳಿಸಿದಳು. ಅಂಚಿನ ಕಚ್ಚಿನಲ್ಲಿ ಅಕ್ಕಿಕಾಳಿನಷ್ಟು ಕೆಂಪಗೆ ಏನೋ. "ಅಕ್ಕ, ಇದು ಮೊಗ್ಗಾ ಚಿಗುರಾ?"

ಮೊದಲ ಕೆಲವು ದಿನ ಎರಡೂ ಒಂದೇ ಥರ ಕಾಣುತ್ತೆ. ಒಂದು ವಾರ ಬಿಟ್ಟು ಇನ್ನೊಂದು ಫೋಟೋ ಕಳಿಸು, ಕುಂಡ ಮಾತ್ರ ಅಲ್ಲಾಡಿಸಬೇಡ ಅಂದಿದ್ದೇನೆ.