ಪೇಟೆಂಟಿನ ತಕ್ಕಡಿಗೆ ಸಿಗದ ಮುಂಬಯಿ

ನೀತಿ ಆಯೋಗ 2019ರಲ್ಲಿ ಮೊದಲ ಬಾರಿಗೆ ಭಾರತ ನಾವೀನ್ಯತಾ ಸೂಚ್ಯಂಕ ಪ್ರಕಟಿಸಿದಾಗ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕವೇ ಮೊದಲು. 2020 ಮತ್ತು 2021ರ ಪಟ್ಟಿಗಳಲ್ಲೂ ಅದೇ. ಊರು ಬಿಟ್ಟು ಬಂದ ನಮಗೆ ಎದೆಯುಬ್ಬುವುದು ಸಹಜ. ಅನ್ನ ಕೊಟ್ಟ ಮಹಾರಾಷ್ಟ್ರ ಎಷ್ಟನೆಯದು ಎಂದು ಕಣ್ಣು ಹಾಯುವುದೂ ಸಹಜ. ಆದರೆ ಇಂಥ ಪಟ್ಟಿಗಳಲ್ಲಿ ಹತ್ತಾರು ಅಂಶಗಳಿದ್ದರೂ ಭಾಷಣ, ಜಾಹೀರಾತುಗಳಿಗೆ ಉಳಿಯುವುದು ಎರಡೇ: ಪೇಟೆಂಟುಗಳ ಸಂಖ್ಯೆ, ಆರ್ಥಿಕ ಬೆಳವಣಿಗೆಯ ಶೇಕಡಾವಾರು. ಈ ಎರಡೂ ಅಳತೆಗೋಲುಗಳು ಎಷ್ಟು ಡೊಂಕು ಎಂಬುದಕ್ಕೆ ಮುಂಬಯಿಯೇ ಸಾಕ್ಷಿ.

2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಎಚ್‌ಐವಿಗೆ ಮೂರು ಔಷಧಗಳ ಚಿಕಿತ್ಸೆಯನ್ನು ಬಡದೇಶಗಳ ರೋಗಿಗಳಿಗಾಗಿ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದಿತು. ದಿನಕ್ಕೆ ಒಂದು ಡಾಲರೂ ಬೀಳದು. ಶ್ರೀಮಂತ ದೇಶಗಳಲ್ಲಿ ಆಗ ಇಂಥ ಚಿಕಿತ್ಸೆಗೆ 10,000 ಡಾಲರಿಗೂ ಹೆಚ್ಚು. ಬೇರೆ ಬೇರೆ ಕಂಪನಿಗಳ ಹಿಡಿತದಲ್ಲಿದ್ದ ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಕೂಡಿಸಲು ಸಾಧ್ಯವಾದದ್ದು 1970ರ ನಮ್ಮ ಪೇಟೆಂಟ್ ಕಾಯಿದೆಯಿಂದ. ಅದು ಔಷಧ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕೇ ಕೊಡುತ್ತಿರಲಿಲ್ಲ. 2005ರಲ್ಲಿ ಆ ಬಾಗಿಲು ಮುಚ್ಚಿತು. ಈ ನಗರದ ಅತಿ ದೊಡ್ಡ ಹೊಸತನ ಹುಟ್ಟಿದ್ದೇ ಪೇಟೆಂಟ್ ಇಲ್ಲದ ಜಾಗದಲ್ಲಿ. ಆರ್ಥಿಕ ಲೆಕ್ಕದಲ್ಲಾದರೂ ಅದು ಕಂಡೀತೇ? ಸಾವಿರಾರು ಡಾಲರಿನ ಮದ್ದು 350ಕ್ಕೆ ಇಳಿದರೆ ಪುಸ್ತಕದಲ್ಲಿ ಏರುವುದು 350 ಮಾತ್ರ. ಉಳಿದ ಜೀವಗಳಿಗೆ ಅಲ್ಲಿ ಕಾಲಮ್ಮೇ ಇಲ್ಲ.

1890ರಿಂದ ಲೋಕಲ್ ರೈಲುಗಳಲ್ಲಿ ಊಟ ಹೊತ್ತು ತಿರುಗುತ್ತಿರುವ ಡಬ್ಬಾವಾಲಾಗಳ ವ್ಯವಸ್ಥೆಗೂ ಪೇಟೆಂಟ್ ಸಿಗದು. ವ್ಯವಹಾರದ ವಿಧಾನಗಳನ್ನು ಕಾಯಿದೆಯ 3(ಕೆ) ಕಲಮು ಹೊರಗಿಟ್ಟಿದೆ. ಬರಿಯ ಸಾಫ್ಟ್‌ವೇರನ್ನೂ ಅದೇ ಕಲಮು ಹೊರಗಿಟ್ಟಿದೆ. ಅಂದರೆ ಬೆಂಗಳೂರು ಯಾವುದಕ್ಕೆ ಹೆಸರಾಯಿತೋ ಅದೇ ಈ ಎಣಿಕೆಯಲ್ಲಿ ಸರಿಯಾಗಿ ಬರುವುದಿಲ್ಲ!

ಇನ್ನು ರಾಜ್ಯವಾರು ಲೆಕ್ಕ. ಅರ್ಜಿ ಯಾವ ರಾಜ್ಯದ್ದೆಂದು ತೀರ್ಮಾನಿಸುವುದು ಅರ್ಜಿದಾರರ ವಿಳಾಸ. ನರಿಮನ್ ಪಾಯಿಂಟಿನಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡ ಕಂಪನಿ ತನ್ನ ಬೆಂಗಳೂರಿನ ಪ್ರಯೋಗಾಲಯದ ಶೋಧಕ್ಕೆ ಇಲ್ಲಿಂದ ಅರ್ಜಿ ಹಾಕಿದರೆ ಅದು ಮಹಾರಾಷ್ಟ್ರದ ಪಾಲು. ಹಾಗಾದರೆ ನಾವು ಎಣಿಸುತ್ತಿರುವುದು ಬುದ್ಧಿಯನ್ನೋ ಬಾಗಿಲ ಬೋರ್ಡನ್ನೋ?

ಪೇಟೆಂಟ್ ಇಲ್ಲದಿದ್ದರೆ ಹೊಸ ಔಷಧಕ್ಕೆ ಹಣ ಹಾಕುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಪೇಟೆಂಟ್ ಬೇಡವೆಂದು ನಾನು ಹೇಳುತ್ತಿಲ್ಲ, ಅದರ ಎಣಿಕೆಯನ್ನು ಸಾಧನೆ ಎನ್ನಬೇಡಿ ಎನ್ನುತ್ತಿದ್ದೇನೆ. ಉನ್ನತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ರ‍್ಯಾಂಕಿಂಗಿನಲ್ಲೂ ಪೇಟೆಂಟಿಗೆ ಅಂಕ ಉಂಟು. ಅಂಕ ಸಿಗುವುದಾದರೆ ಅರ್ಜಿಗಳೇನೋ ಹುಟ್ಟುತ್ತವೆ, ಶೋಧಗಳು ಹುಟ್ಟಲೇಬೇಕೆಂದಿಲ್ಲ. ಪ್ರಯೋಗಾಲಯಕ್ಕೆ ಹೋಗಬೇಕಾದ ದುಡ್ಡು ಅರ್ಜಿ ಶುಲ್ಕಕ್ಕೆ ಹೋದರೆ ನಷ್ಟ ನಮ್ಮ ಮಕ್ಕಳಿಗೇ.

ಅಳೆಯಲೇಬೇಕೆಂದಿದ್ದರೆ ದಾರಿ ಕಾಯಿದೆಯಲ್ಲೇ ಇದೆ. ಪೇಟೆಂಟ್ ಪಡೆದವರು ಅದನ್ನು ಭಾರತದಲ್ಲಿ ಬಳಕೆಗೆ ತಂದಿದ್ದಾರೆಯೇ ಎಂದು 27ನೇ ನಮೂನೆಯಲ್ಲಿ ತಿಳಿಸಬೇಕು. ಮೊದಲು ಪ್ರತಿ ವರ್ಷ ತಿಳಿಸಬೇಕಿತ್ತು. 2024ರ ತಿದ್ದುಪಡಿ ಅದನ್ನು ಮೂರು ವರ್ಷಕ್ಕೊಮ್ಮೆ ಸಾಕೆಂದಿತು. ಎಣಿಕೆಗೆ ಇಷ್ಟು ಉತ್ಸಾಹ, ಬಳಕೆಯ ವಿಚಾರಣೆಗೆ ಇಷ್ಟು ರಿಯಾಯಿತಿ! ರಾಜ್ಯಗಳು ಅರ್ಜಿಗಳ ರಾಶಿ ಬದಿಗಿಟ್ಟು, ಬಳಕೆಗೆ ಬಂದ ಪೇಟೆಂಟುಗಳೆಷ್ಟು, ಅವು ಯಾರಿಗೆ ಯಾವ ಬೆಲೆಗೆ ತಲುಪಿದವು ಎಂಬ ಪಟ್ಟಿ ಕೊಡಲಿ. ಆಗ ಕರ್ನಾಟಕ ಮೊದಲೋ ಮಹಾರಾಷ್ಟ್ರ ಮೊದಲೋ ಎಂದು ನಾವೂ ಪೈಪೋಟಿಗೆ ಇಳಿಯೋಣ.