ನಿಂತ ಕಾರಿನ ಗುಪ್ತ ಖರ್ಚು

ನಿಲ್ಲಿಸಿಟ್ಟ ಕಾರಿಗೆ ಖರ್ಚಿಲ್ಲ ಎಂದು ನಾವೆಲ್ಲ ತಿಳಿದಿರುತ್ತೇವೆ. ಪೆಟ್ರೋಲಿನ ಮಟ್ಟಿಗೆ ಇದು ಸರಿ, ಬ್ಯಾಟರಿಯ ಮಟ್ಟಿಗೆ ಅಲ್ಲ. ನೀವು ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಮೊಳೆಗೆ ತೂಗುಹಾಕಿ ಮಲಗಿದ ಮೇಲೂ ಬ್ಯಾಟರಿಯಿಂದ ಒಂದಿಷ್ಟು ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ರಿಮೋಟ್ ಕೀಲಿಯ ಸಂಕೇತಕ್ಕಾಗಿ ಕಾಯುವ ಸೆಂಟ್ರಲ್ ಲಾಕ್, ಗಡಿಯಾರ, ಸ್ಟೇಷನ್ನುಗಳನ್ನು ನೆನಪಿಟ್ಟುಕೊಳ್ಳುವ ರೇಡಿಯೋ, ಎಂಜಿನ್ನಿನ ಪುಟ್ಟ ಕಂಪ್ಯೂಟರ್, ಇವು ಪೂರ್ತಿ ನಿದ್ದೆ ಮಾಡುವುದಿಲ್ಲ. ಎಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತವೆ. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬಹುದಾಗಿದ್ದ ಹಿಂದಿನ ಅಂಬಾಸಡರ್ ಕಾಲದಲ್ಲಿ ಈ ಕಾಟ ಹೆಚ್ಚು ಇರಲಿಲ್ಲ.

ಇಷ್ಟು ಖರ್ಚಾದರೆ ಚಿಂತೆಯಿಲ್ಲ. ಅದು ಮಿತಿಮೀರಿದಾಗ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಬದಲು ನಮ್ಮಲ್ಲಿ ಬಹಳ ಮಂದಿ ಹೊಸ ಬ್ಯಾಟರಿ ಕೊಳ್ಳುತ್ತಾರೆ. ನಲ್ಲಿ ಸೋರುತ್ತಿದೆ ಎಂದು ಟ್ಯಾಂಕನ್ನೇ ಬದಲಿಸಿದ ಹಾಗೆ.

ಹರಿಹರದ ಒಂದು ಮನೆಯ ವಿಷಯ ಹೇಳುತ್ತೇನೆ. ಆ ಮನೆಯ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಪಿಯುಸಿ ಎರಡನೇ ವರ್ಷ. ಅವಳ ಅಜ್ಜಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, 14 ಕಿಲೋಮೀಟರ್ ದೂರದ ದಾವಣಗೆರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಬೆಳಿಗ್ಗೆ ಏಳಕ್ಕೆ ಸರದಿ. ತಡವಾದರೆ ಮುಂದಿನವರ ಸರದಿಗೂ ಅಡ್ಡಿ, ಅಜ್ಜಿಯ ಚಿಕಿತ್ಸೆಯ ಸಮಯಕ್ಕೂ ಕತ್ತರಿ. ಉಳಿದ ದಿನ ಕಾರಿಗೆ ಕೆಲಸವಿಲ್ಲ. ತಂದೆಯ ಅಂಗಡಿ ಮನೆಯ ಹತ್ತಿರವೇ ಇದೆ.

ಈ ಕಾರು ಮಂಗಳವಾರ ಬೆಳಿಗ್ಗೆ ಮೊಂಡು ಹಿಡಿಯತೊಡಗಿತು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಸದ್ದು, ಅಷ್ಟೆ. ಅಕ್ಕಪಕ್ಕದವರನ್ನು ಎಬ್ಬಿಸಿ ತಳ್ಳಿಸಬೇಕು. ತಂದೆ ಹೊಸ ಬ್ಯಾಟರಿ ಹಾಕಿಸಿದರು. ಒಂದು ತಿಂಗಳು ಸುಖ. ಮತ್ತೆ ಅದೇ ಕಥೆ. ಅಂಗಡಿಯವರು ಬ್ಯಾಟರಿ ಪರೀಕ್ಷಿಸಿ ‘ಇದರಲ್ಲೇನೂ ದೋಷವಿಲ್ಲ’ ಎಂದರು, ಮತ್ತು ಅದು ನಿಜವೇ ಆಗಿತ್ತು. ಅಜ್ಜಿ ಮಾತ್ರ ಕಾರಣ ಕಂಡುಹಿಡಿದಿದ್ದರು. “ಮಂಗಳವಾರ ಹೊರಟರೆ ಇನ್ನೇನಾಗುತ್ತೆ? ವಾರ ಬದಲಿಸಿ ಕೊಡಿ ಅಂತ ಡಾಕ್ಟರಿಗೆ ಕೇಳಪ್ಪ” ಎಂದು ಮಗನಿಗೆ ಹೇಳುತ್ತಿದ್ದರಂತೆ. ಅಜ್ಜಿಯನ್ನು ನೋಡಿ ನಗಬೇಡಿ. ಶುಕ್ರವಾರ ಎಂದೂ ಕೈಕೊಡದ ಕಾರು ಮಂಗಳವಾರ ಮಾತ್ರ ಕೈಕೊಡುತ್ತದೆ ಎಂಬುದನ್ನು ಗಮನಿಸಿದವರು ಅವರೇ.

ಮೊಮ್ಮಗಳು ಅದೇ ಗಮನಿಕೆಯನ್ನು ಲೆಕ್ಕಕ್ಕಿಳಿಸಿ ನನ್ನ ಬಳಿ ಬಂದಳು. “ಸಾರ್, ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಕಾರು ಮನೆಗೆ ಬರುತ್ತೆ. ಮಂಗಳವಾರ ಬೆಳಿಗ್ಗೆ ಆರಕ್ಕೆ ಹೊರಡಬೇಕು. 89 ಗಂಟೆ. ಆದರೆ ಮಂಗಳವಾರದಿಂದ ಶುಕ್ರವಾರಕ್ಕೆ 65 ಗಂಟೆ ಮಾತ್ರ. ಅಲ್ಲದೆ ಮಂಗಳವಾರ ಕೆಟ್ಟಾಗಲೆಲ್ಲ ಅಪ್ಪಾಜಿ ಬ್ಯಾಟರಿ ಚಾರ್ಜ್ ಮಾಡಿಸ್ತಾರೆ. ಶುಕ್ರವಾರ ಮಾಡಿಸಲ್ಲ.”

ಅರ್ಧ ಉತ್ತರ ಅಲ್ಲೇ ಇತ್ತು. ಇನ್ನು ಉಳಿದದ್ದು ಅಳತೆ.

ಅದಕ್ಕೆ ಮುಂಚೆ ಬ್ಯಾಟರಿಯ ಬಗ್ಗೆ ಎರಡು ಮಾತು. ಸೀಸ ಮತ್ತು ಆಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಕಾರಿನಲ್ಲಿ ಇಂಥ ಆರು ಕೋಶಗಳಿರುತ್ತವೆ. ಪೂರ್ತಿ ತುಂಬಿದಾಗ ಒಟ್ಟು ಸುಮಾರು 12.6 ವೋಲ್ಟ್, ಅರ್ಧವಾದಾಗ ಸುಮಾರು 12.2. ವ್ಯತ್ಯಾಸ ಎಷ್ಟು ಕಡಿಮೆ ನೋಡಿ! ಹಾರ್ನ್ ಹೊಡೆಯುತ್ತದೆ, ದೀಪ ಉರಿಯುತ್ತದೆ, ಆದ್ದರಿಂದ ಬ್ಯಾಟರಿ ಸರಿಯಿದೆ ಎಂಬ ವಾದ ನಿಲ್ಲುವುದಿಲ್ಲ. ಹಾರ್ನಿಗೆ ಬೇಕಾದದ್ದು ಕೆಲವೇ ಆಂಪಿಯರ್. ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಬೇಕು. ಬ್ಯಾಟರಿಯ ಒಳರೋಧ 0.01 ಓಮ್ ಇದ್ದು 150 ಆಂಪಿಯರ್ ಹರಿದರೆ ಒಳಗೇ 1.5 ವೋಲ್ಟ್ ನಷ್ಟ. ಬಲಗುಂದಿ ಒಳರೋಧ ಮೂರು ಪಟ್ಟಾಯಿತು ಎಂದುಕೊಳ್ಳಿ, ನಷ್ಟ 4.5 ವೋಲ್ಟ್. ಉಳಿದ ಏಳೆಂಟು ವೋಲ್ಟಿನಲ್ಲಿ ಮೋಟಾರು ತಿರುಗುವುದಿಲ್ಲ, ಟಿಕ್ ಟಿಕ್ ಎನ್ನುತ್ತದೆ. ಇನ್ನೊಂದು ಸಂಗತಿ: ಬ್ಯಾಟರಿ ಖಾಲಿಯಾದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಖಾಲಿಯಾಗಿಯೇ ಬಹಳ ದಿನ ಬಿಟ್ಟರೆ ಅದು ಗಟ್ಟಿ ಹರಳಾಗುತ್ತದೆ, ಮತ್ತೆ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಸೋರಿಕೆ ನಿಲ್ಲಿಸದೆ ಹೊಸ ಬ್ಯಾಟರಿ ಹಾಕಿದರೆ ಅದರ ಆಯುಷ್ಯವೂ ಹೀಗೇ ಸವೆಯುತ್ತದೆ.

ಒಂದು ಭಾನುವಾರ ಹರಿಹರಕ್ಕೆ ಹೋದೆ. ಹುಡುಗಿಯ ತಾತ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಅಲ್ಲಿನ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು. ಅವರ ಸ್ಪ್ಯಾನರ್ ಪೆಟ್ಟಿಗೆ ಇನ್ನೂ ಮನೆಯಲ್ಲಿತ್ತು. 10 ಆಂಪಿಯರ್‌ವರೆಗೆ ಅಳೆಯುವ ಮಲ್ಟಿಮೀಟರನ್ನು ನಾನು ಒಯ್ದಿದ್ದೆ. ಕೀಲಿ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿದೆವು. ಬಿಚ್ಚಿದ ತಂತಿಗೂ ಮೈನಸ್ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಸೇರಿಸಿದೆವು. ಇದೇ ಸರಣಿ ಜೋಡಣೆ: ಕಾರು ಕುಡಿಯುವ ಪ್ರತಿ ಹನಿಯೂ ಮೀಟರಿನ ಮೂಲಕವೇ ಹಾಯಬೇಕು. ಆಮ್ಮೀಟರನ್ನು ಪ್ಲಸ್ ಮೈನಸ್‌ಗಳ ನಡುವೆ ನೇರವಾಗಿ ಇಟ್ಟರೆ ಶಾರ್ಟ್ ಸರ್ಕಿಟ್. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕ ಹೋಗುತ್ತದೆ, ಇಲ್ಲಿ ಮೀಟರೇ ಹೋಗುತ್ತದೆ.

ಮೊದಲು 1.4 ಆಂಪಿಯರ್ ತೋರಿಸಿತು. “ಇಷ್ಟೊಂದಾ!” ಎಂದಳು ಹುಡುಗಿ. ಅವಸರ ಬೇಡ. ತಂತಿ ಬಿಚ್ಚಿ ಮತ್ತೆ ಜೋಡಿಸಿದಾಗ ಕಾರಿನ ಎಲೆಕ್ಟ್ರಾನಿಕ್ಸ್ ಎಚ್ಚರಗೊಳ್ಳುತ್ತದೆ. ಅದು ಮತ್ತೆ ಮಲಗಲು ಅರ್ಧ ಗಂಟೆ ಬೇಕಾಗಬಹುದು. ಅಜ್ಜಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಸಿದ್ದರು, ಕಾಯುವುದು ಕಷ್ಟವಾಗಲಿಲ್ಲ. ಕೊನೆಗೆ ಅಂಕಿ 0.18ಕ್ಕೆ ನಿಂತಿತು. 0.18 ಆಂಪಿಯರನ್ನು 89 ಗಂಟೆಯಿಂದ ಗುಣಿಸಿ: 16 ಆಂಪಿಯರ್-ಗಂಟೆ. ಬ್ಯಾಟರಿಯ ಸಾಮರ್ಥ್ಯವೇ 35. 65 ಗಂಟೆಗಾದರೆ ಸುಮಾರು 12. ಹೋಗಿಬರುವ ಒಂದು ಗಂಟೆಯ ಓಡಾಟದಲ್ಲಿ ಆಲ್ಟರ್ನೇಟರ್ ಕಳೆದುದನ್ನೆಲ್ಲ ತುಂಬಿಕೊಡಲಾರದು. ಆದಾಯಕ್ಕಿಂತ ವೆಚ್ಚ ಹೆಚ್ಚು. ಹೊಸ ಬ್ಯಾಟರಿ ಒಂದು ತಿಂಗಳು ನಡೆದದ್ದು ಮೂಲಧನ ಕರಗುವವರೆಗೆ.

ಇನ್ನು ಹುಡುಕಾಟ. ಫ್ಯೂಸ್ ಬಾಕ್ಸಿನಿಂದ ಒಂದೊಂದೇ ಫ್ಯೂಸ್ ಕೀಳುವುದು, ಪ್ರತಿ ಸಲ ಮೀಟರ್ ನೋಡುವುದು. ಹುಡುಗಿ ಕಾಗದದಲ್ಲಿ ಬರೆಯುತ್ತ ಹೋದಳು. 0.17, 0.16, 0.15. ಆಮೇಲೆ ಅಲುಗಾಡಲಿಲ್ಲ. ಕೊನೆಯ ಫ್ಯೂಸ್ ಕಿತ್ತರೂ 0.15. “ಎಲ್ಲ ಕಿತ್ತರೂ ಹೇಗೆ ಹರಿಯುತ್ತೆ ಸಾರ್?” ಫ್ಯೂಸ್ ಬಾಕ್ಸಿಗೆ ಹೋಗದ ಇನ್ನೊಂದು ದಾರಿ ಇರಲೇಬೇಕು. ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಟ ತಂತಿಗಳನ್ನು ಹಿಡಿದು ಹೊರಟೆವು. ಸ್ಟಾರ್ಟರಿಗೆ ಹೋಗುವ ದಪ್ಪನೆಯದು ಒಂದು, ಫ್ಯೂಸ್ ಬಾಕ್ಸಿಗೆ ಹೋಗುವುದು ಒಂದು. ಅವುಗಳ ಹಿಂದೆ ಟೇಪ್ ಸುತ್ತಿದ ಮೂರನೆಯ ಕೆಂಪು ತಂತಿ, ಕಾರು ಕೊಂಡ ಮೇಲೆ ಹಾಕಿಸಿದ ಫಾಗ್ ಲ್ಯಾಂಪಿನದು. ಅದರ ಮಧ್ಯದಲ್ಲಿದ್ದ ಸಣ್ಣ ಫ್ಯೂಸ್ ಕಿತ್ತೊಡನೆ ಮೀಟರ್ ಸೊನ್ನೆಗೆ ಬಂತು.

ಆದರೆ ಫಾಗ್ ಲ್ಯಾಂಪ್ ಉರಿಯುತ್ತಿರಲಿಲ್ಲವಲ್ಲ? ಎರಡೂ ಬಲ್ಬ್ ಯಾವಾಗಲೋ ಸುಟ್ಟುಹೋಗಿದ್ದವು. ಸ್ಟಿಯರಿಂಗ್ ಕೆಳಗಿನ ಅದರ ಸ್ವಿಚ್ ಮಾತ್ರ ಆನ್ ಆಗಿತ್ತು, ಬಹುಶಃ ಮೊಣಕಾಲು ತಗುಲಿ. ಸ್ವಿಚ್ ನೇರವಾಗಿ ದೀಪ ಹೊತ್ತಿಸುವುದಿಲ್ಲ, ರಿಲೇ ಎಂಬ ಪುಟ್ಟ ಡಬ್ಬಿಯೊಳಗಿನ ವಿದ್ಯುತ್ಕಾಂತಕ್ಕೆ ಪ್ರವಾಹ ಕೊಡುತ್ತದೆ. ಆ ಕಾಂತ ದೀಪದ ಮಂಡಲವನ್ನು ಕೂಡಿಸುತ್ತದೆ. ಬಲ್ಬ್ ಸತ್ತಿದ್ದರೂ ಕಾಂತ ಹಗಲೂ ರಾತ್ರಿ ಎಳೆದುಕೊಂಡೇ ಇತ್ತು. ಫ್ಯೂಸನ್ನು ಮತ್ತೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ರಿಲೇ ಮುಟ್ಟಿದರೆ ಬೆಚ್ಚಗಿತ್ತು. ಹುಡುಗಿ ಅಲ್ಲೇ ಲೆಕ್ಕ ಹಾಕಿದಳು: 12.3 ವೋಲ್ಟನ್ನು 0.15ರಿಂದ ಭಾಗಿಸಿದರೆ 82 ಓಮ್. ರಿಲೇ ಕಿತ್ತು ಸುರುಳಿಯ ರೋಧ ಅಳೆದಳು. 84. ಓಮನ ನಿಯಮ ಬಾಯಿಪಾಠ ಮಾಡಿದವರಿಗೆ ಆ ಕ್ಷಣದ ಸಂತೋಷ ಗೊತ್ತಾಗುವುದು ಕಷ್ಟ.

ಮರುದಿನ ಎಲೆಕ್ಟ್ರಿಷಿಯನ್ ಬಂದು ಆ ಸ್ವಿಚ್ಚಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವಂತೆ ತಂತಿ ಬದಲಿಸಿದರು, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿದರು. ಡಯಾಲಿಸಿಸ್ ಈಗಲೂ ಮಂಗಳವಾರವೇ. ಕಾರು ಆರಕ್ಕೆ ಹೊರಡುತ್ತದೆ.

ಎಲ್ಲ ಕಾರುಗಳ ಕಳ್ಳನೂ ರಿಲೇ ಅಲ್ಲ. ಡಿಕ್ಕಿಯ ದೀಪ ಮುಚ್ಚಿದ ಮೇಲೂ ಉರಿಯುತ್ತಿರಬಹುದು. 5 ವ್ಯಾಟಿನ ಆ ದೀಪ ದಿನಕ್ಕೆ 10 ಆಂಪಿಯರ್-ಗಂಟೆ ನುಂಗುತ್ತದೆ. ಮೊಬೈಲನ್ನು ವಿಡಿಯೋ ತೆಗೆಯಲು ಬಿಟ್ಟು ಡಿಕ್ಕಿಯೊಳಗಿಟ್ಟು ಮುಚ್ಚಿ, ಗೊತ್ತಾಗುತ್ತದೆ. ಫ್ಯೂಸ್ ಬಾಕ್ಸಿನ ಎಲ್ಲ ಫ್ಯೂಸ್ ಕಿತ್ತರೂ ಪ್ರವಾಹ ನಿಲ್ಲದಿದ್ದರೆ, ಹೊರಗಿನ ತಂತಿಯೂ ಇಲ್ಲದಿದ್ದರೆ, ಆಲ್ಟರ್ನೇಟರಿನ ಡಯೋಡ್ ಕೆಟ್ಟಿರಬಹುದು. ಅದು ಗ್ಯಾರೇಜಿನ ಕೆಲಸ.

ಮಕ್ಕಳು ಇದನ್ನು ದೊಡ್ಡವರಿಲ್ಲದೆ ಮಾಡಕೂಡದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡ 4ರಷ್ಟಾದರೂ ಸಾಕು, ಒಂದು ಕಿಡಿಗೆ ಸ್ಫೋಟಿಸಬಹುದು. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೂ ಆಗ ಕಿಡಿ ಹಾರದು. ಮೀಟರ್ ಜೋಡಿಸಿರುವಾಗ ಕೀಲಿ ತಿರುಗಿಸಬೇಡಿ, ಹೆಡ್‌ಲೈಟ್ ಹಾಕಬೇಡಿ. ವಿದ್ಯುತ್ ಕಾರು, ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳ ತಂಟೆಗಂತೂ ಹೋಗಲೇಬೇಡಿ.

ಕಾರಿಲ್ಲದ ಮನೆಯವರು ಕರೆಂಟಿನ ಮೀಟರಿನಲ್ಲಿ ಇದೇ ಪ್ರಯೋಗ ಮಾಡಬಹುದು. ಡಿಜಿಟಲ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವಿದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬ ಅಂಕಿ ಮೇಲೆಯೇ ಅಚ್ಚಾಗಿರುತ್ತದೆ. ಅದು 3200 ಎಂದಿಟ್ಟುಕೊಳ್ಳಿ. ಫ್ರಿಜ್ ಸೇರಿದಂತೆ ಮನೆಯಲ್ಲಿ ನೀವು ‘ಆಫ್’ ಎಂದು ತಿಳಿದದ್ದೆಲ್ಲ ಆಫ್ ಮಾಡಿ, ಟಿ.ವಿ.ಯನ್ನು ರಿಮೋಟಿನಿಂದಷ್ಟೇ ಆರಿಸಿ, ಗಡಿಯಾರ ಹಿಡಿದು ಮೀಟರಿನ ಮುಂದೆ ನಿಲ್ಲಿ. ನಿಮಿಷಕ್ಕೊಂದು ಸಲ ಮಿನುಗಿದರೆ ಸುಮಾರು 19 ವ್ಯಾಟ್, ತಿಂಗಳಿಗೆ 13-14 ಯೂನಿಟ್. ಆಮೇಲೆ ಒಂದೊಂದೇ ಪ್ಲಗ್ ಕೀಳುತ್ತ ಮತ್ತೆ ಎಣಿಸಿ.