ಊರು ಬದಲಿಸುವ ಮುನ್ನ ಮನೆಮಂದಿಯನ್ನು ಕೇಳಿದ್ದೇವೆಯೇ?

ಊರು ಬಿಡುವುದು ನಮ್ಮ ಕುಟುಂಬಗಳಿಗೆ ಹೊಸತಲ್ಲ. ಕುಸಿದ ವ್ಯಾಪಾರ, ಮಗನ ಉದ್ಯೋಗ, ಮಕ್ಕಳ ಶಿಕ್ಷಣ, ವೃದ್ಧ ತಾಯಿಯ ಚಿಕಿತ್ಸೆ- ಹೀಗೆ ಕಾರಣಗಳು ಹಲವು. ಆದರೆ ಯಾವ ಊರಿಗೆ ಹೋಗಬೇಕೆಂಬ ತೀರ್ಮಾನ ಮಾತ್ರ ಬಹಳಷ್ಟು ಮನೆಗಳಲ್ಲಿ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಭಾವ ಬೆಂಗಳೂರಿನಲ್ಲಿದ್ದಾರೆ, ಅಲ್ಲಿಗೇ ಹೋಗೋಣ ಎಂದು ಮನೆಯ ಯಜಮಾನ ಹೇಳುತ್ತಾನೆ. ಉಳಿದವರು ಸಾಮಾನು ಕಟ್ಟತೊಡಗುತ್ತಾರೆ. ಒಂದು ಸ್ಕೂಟರ್ ಕೊಳ್ಳುವಾಗ ಹತ್ತು ಮಂದಿಯಲ್ಲಿ ವಿಚಾರಿಸುವ ನಾವು, ಬದುಕನ್ನೇ ಬದಲಿಸುವ ಈ ನಿರ್ಧಾರದಲ್ಲಿ ಇಷ್ಟೊಂದು ಅವಸರ ತೋರುವುದೇಕೆ?

ಮಧ್ಯ ಕರ್ನಾಟಕದ ತಾಲೂಕು ಕೇಂದ್ರವೊಂದರಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪರಿಚಿತರೊಬ್ಬರು ಕೆಲವು ವರ್ಷಗಳ ಹಿಂದೆ ಹೀಗೆಯೇ ಬೆಂಗಳೂರು ಸೇರಿದರು. ವ್ಯಾಪಾರ ಕೈಕೊಟ್ಟಿತ್ತು. ಹೊಸ ಊರಿನಲ್ಲಿ ಅಂಗಡಿಯೊಂದರಲ್ಲಿ ಕೆಲಸವಿತ್ತು, ಮಸೀದಿ ಪಕ್ಕದಲ್ಲೇ ಇತ್ತು, ಸಂಬಂಧಿಕರಿದ್ದರು, ಬಾಡಿಗೆಯೂ ಕೈಗೆಟಕುವಂತಿತ್ತು. ಅವರು ನೋಡಿದ್ದು ಇವಿಷ್ಟನ್ನೇ. ಅವರ ಮಗಳು ಪ್ರಥಮ ಪಿಯುಸಿ ವಿಜ್ಞಾನವನ್ನು ಉತ್ತಮ ಅಂಕಗಳೊಂದಿಗೆ ಮುಗಿಸಿದ್ದಳು. ಮನೆ ಬದಲಾದದ್ದು ಜುಲೈ ತಿಂಗಳಲ್ಲಿ. ಹತ್ತಿರದ ಕಾಲೇಜಿನಲ್ಲಿ ಸೀಟು ಭರ್ತಿಯಾಗಿತ್ತು. ಸೀಟಿದ್ದ ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕಿತ್ತು. 'ಮುಂದಿನ ವರ್ಷ ನೋಡೋಣ' ಎಂದರು ತಂದೆ. ಆ ಮುಂದಿನ ವರ್ಷ ಬರಲೇ ಇಲ್ಲ. ಮಗಳನ್ನು ಅವರು ಪ್ರೀತಿಸುತ್ತಿರಲಿಲ್ಲವೆಂದಲ್ಲ. ಊರನ್ನು ಆರಿಸುವಾಗ ಅವಳನ್ನು ಒಂದು ಮಾತು ಕೇಳಿರಲಿಲ್ಲ, ಅಷ್ಟೇ. ದುರಂತವೇನೆಂದರೆ, ಇದು ಒಂದು ಮನೆಯ ಕಥೆಯಲ್ಲ.

31 ಜಿಲ್ಲೆಗಳ, 1.91 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ರಾಜ್ಯದಲ್ಲಿ ಬದುಕಲು ಬೆಂಗಳೂರು ಬಿಟ್ಟರೆ ಬೇರೆ ಊರೇ ಇಲ್ಲವೇ? ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದುದು ಆಡಳಿತಗಾರರಿಗೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಅಂದಿನ 175 ತಾಲೂಕುಗಳ ಪೈಕಿ 114ನ್ನು ಹಿಂದುಳಿದವುಗಳೆಂದು ಗುರುತಿಸಿತ್ತು. ಅವುಗಳಲ್ಲಿ 39 ತಾಲೂಕುಗಳು ಅತ್ಯಂತ ಹಿಂದುಳಿದವುಗಳಾಗಿದ್ದುವು. ಆ ಬಳಿಕ ಹಲವು ಸರಕಾರಗಳು ಬಂದು ಹೋದುವು. ಉದ್ಯೋಗ ಮತ್ತು ಬಂಡವಾಳ ರಾಜಧಾನಿಯ ಸುತ್ತಲೇ ಗಿರಕಿ ಹೊಡೆಯುತ್ತಿದ್ದರೆ ಜನರೂ ಅದರ ಹಿಂದೆ ಹೋಗುವುದು ಸಹಜ. ಆದರೆ ಹೋದವರಿಗೆಲ್ಲ ಆ ನಗರ ನೆಮ್ಮದಿ ಕೊಟ್ಟಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಎತ್ತಿ ತರುವ ಆ ನಗರದಲ್ಲಿ, 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರವಲಯದ ನಿವಾಸಿಗಳು ಟ್ಯಾಂಕರಿಗಾಗಿ ಕಾದು ನಿಂತದ್ದನ್ನು ನಾವು ಮರೆಯಬಾರದು.

ಇತರ ನಗರಗಳತ್ತ ಒಮ್ಮೆ ಕಣ್ಣು ಹಾಯಿಸೋಣ. ಹುಬ್ಬಳ್ಳಿ-ಧಾರವಾಡದಲ್ಲಿ ವ್ಯಾಪಾರವಿದೆ, ರೈಲ್ವೆ ವಲಯದ ಕೇಂದ್ರವಿದೆ, ಸರಕಾರಿ ವೈದ್ಯಕೀಯ ಕಾಲೇಜಿದೆ, ವಿಶ್ವವಿದ್ಯಾನಿಲಯವಿದೆ. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾನಿಲಯವಿದೆ. ಹೆಣ್ಣು ಮಕ್ಕಳನ್ನು ದೂರಕ್ಕೆ ಕಳುಹಿಸಲು ಹಿಂಜರಿಯುವ ಹೆತ್ತವರಿಗೆ ಇದು ಸಣ್ಣ ಸಂಗತಿಯಲ್ಲ. ಹೃದ್ರೋಗದ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲವೂ ಕಳೆದಿದೆ. ಜಯದೇವ ಸಂಸ್ಥೆಯ ಆಸ್ಪತ್ರೆ ಮೈಸೂರಿನಲ್ಲೂ ಇದೆ, ಕಲಬುರಗಿಯಲ್ಲೂ ಇದೆ. ದುಡಿಮೆ ರಾಜಧಾನಿಯಲ್ಲೇ ಇರುವವರಿಗೆ ಸುಮಾರು 70 ಕಿಲೋಮೀಟರ್ ದೂರದ ತುಮಕೂರಿನಿಂದ ರೈಲಿನಲ್ಲಿ ಹೋಗಿ ಬರುವ ದಾರಿಯಿದೆ. ಹಾಗೆಂದು ಈ ಊರುಗಳಲ್ಲಿ ಕೊರತೆಯಿಲ್ಲವೆಂದಲ್ಲ. ಉತ್ತರದ ಅನೇಕ ಪಟ್ಟಣಗಳಲ್ಲಿ ನಲ್ಲಿಯಲ್ಲಿ ನೀರು ಬರುವುದು ಹಲವು ದಿನಗಳಿಗೊಮ್ಮೆ. ಮಂಗಳೂರಿನಲ್ಲಿ ಶಾಲೆ-ಆಸ್ಪತ್ರೆಗಳಿಗೆ ಬರವಿಲ್ಲ, ಆದರೆ ಸಾಮಾನ್ಯ ಆದಾಯದವರಿಗೆ ಅಲ್ಲಿನ ಬಾಡಿಗೆ ಹೊರೆಯಾದೀತು. ಪರಿಪೂರ್ಣವಾದ ಊರು ಎಲ್ಲಿಯೂ ಇಲ್ಲ. ನಮ್ಮ ಮನೆಯ ಅಗತ್ಯಕ್ಕೆ ಹೊಂದುವ ಊರು ಮಾತ್ರ ಇದೆ.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಕುಟುಂಬಗಳಿಗೆ ಇನ್ನೊಂದು ಮಾತು ಹೇಳಬೇಕಾಗಿದೆ. ಸಂವಿಧಾನದ 371(ಜೆ) ವಿಧಿಯನ್ವಯ ಆ ಪ್ರದೇಶದ ಸ್ಥಳೀಯರಿಗೆ ಶಿಕ್ಷಣ ಮತ್ತು ಸರಕಾರಿ ಉದ್ಯೋಗದಲ್ಲಿ ಮೀಸಲಾತಿ ಇದೆ. ಊರು ಬಿಡುವ ಮುನ್ನ ಮಕ್ಕಳ ಅರ್ಹತಾ ಪತ್ರವನ್ನು ಮಾಡಿಸಿಕೊಳ್ಳುವುದು ಬುದ್ಧಿವಂತಿಕೆ. ಹಳೆಯ ಊರಿನ ದಾಖಲೆಗಳಿಗಾಗಿ ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯುವ ಕಷ್ಟವನ್ನು ಅದು ತಪ್ಪಿಸೀತು.

ಊರಿನ ಬಳಿಕ ಬರುವುದು ಕೇರಿಯ ಪ್ರಶ್ನೆ. ಮನೆಗಿಂತ ಮೊದಲು ನೆರೆಯವರನ್ನು ನೋಡು ಎಂಬ ಗಾದೆ ಅರಬಿಯಲ್ಲಿದೆ. ನಾವು ಅದನ್ನು 'ನಮ್ಮವರೇ ಇರುವ ಕೇರಿಯನ್ನು ನೋಡು' ಎಂದು ಅರ್ಥೈಸಿಕೊಂಡಿದ್ದೇವೆ. ಇದರ ಹಿಂದಿರುವ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಹೆಸರು ಕೇಳಿದೊಡನೆ 'ಮನೆ ಖಾಲಿಯಿಲ್ಲ' ಎಂಬ ಉತ್ತರ ಪಡೆದವರು ನಮ್ಮಲ್ಲಿ ಎಷ್ಟಿಲ್ಲ! ಭದ್ರತೆಯ ಆತಂಕವು ಮುಸ್ಲಿಮರನ್ನು ಒಂದೇ ಕಡೆ ಒತ್ತಾಗಿ ವಾಸಿಸುವಂತೆ ಮಾಡುತ್ತಿದೆಯೆಂದೂ ಅಂತಹ ಬಸ್ತಿಗಳು ನೀರು, ಚರಂಡಿ, ಶಾಲೆ, ಬ್ಯಾಂಕುಗಳಿಂದ ವಂಚಿತವಾಗುತ್ತಿವೆಯೆಂದೂ 2006ರ ಸಾಚಾರ್ ಸಮಿತಿ ವರದಿಯು ಬೊಟ್ಟು ಮಾಡಿತ್ತು. ಬಾಗಿಲು ಮುಚ್ಚಿದ ಮನೆಮಾಲಕರ ತಪ್ಪು ಅವರದು. ಕೇರಿಯನ್ನು ಕಡೆಗಣಿಸಿದ ನಗರಸಭೆಯ ತಪ್ಪು ಅದರದು. ಆದರೆ ಆಯ್ಕೆಯ ಅವಕಾಶ ಇರುವಾಗಲೂ ಎಲ್ಲರೂ ಬೆರೆತು ಬಾಳುವ ಬಡಾವಣೆಯನ್ನು ಬಿಟ್ಟು, ಗಾಳಿ-ಬೆಳಕಿಲ್ಲದ ಗಲ್ಲಿಯನ್ನೇ ನಾವು ಆರಿಸಿಕೊಂಡರೆ? ಬೇರೆ ಧರ್ಮದ ಗೆಳೆಯರಿಲ್ಲದೆ ಬೆಳೆದ ಮಗು ನಾಳೆ ಕಾಲೇಜಿನಲ್ಲಿ, ಕಚೇರಿಯಲ್ಲಿ ಅಪರಿಚಿತನಂತೆ ನಿಲ್ಲಬೇಕಾಗುತ್ತದೆ. ನಮ್ಮನ್ನು ಅರಿಯುವ ಅವಕಾಶ ನೆರೆಯವರಿಗೂ ತಪ್ಪಿಹೋಗುತ್ತದೆ. ಮಸೀದಿಗೆ ಹತ್ತು ನಿಮಿಷ ಹೆಚ್ಚು ನಡೆಯಬೇಕಾದೀತು, ನಿಜ. ಆ ಹತ್ತು ನಿಮಿಷಕ್ಕೆ ಬದಲಾಗಿ ಮಕ್ಕಳಿಗೆ ಒಂದು ವಿಶಾಲ ಲೋಕ ಸಿಗುವುದಾದರೆ ಅದು ನಷ್ಟದ ವ್ಯಾಪಾರವೇ?

ಹಾಗಾದರೆ ಮಾಡಬೇಕಾದುದೇನು? ಮೊದಲು ಮನೆಮಂದಿಯನ್ನೆಲ್ಲ ಕೂರಿಸಿ ಮಾತನಾಡಬೇಕು. ಯಜಮಾನ ಬೆಳಗ್ಗೆ ಹೋಗಿ ರಾತ್ರಿ ಮರಳುವವನು. ಹಗಲಿಡೀ ಆ ಊರಿನಲ್ಲಿ ಬದುಕುವವರು ಪತ್ನಿ, ಮಕ್ಕಳು, ವೃದ್ಧ ತಾಯಿ-ತಂದೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದು ಪತ್ನಿಯ ಪ್ರಶ್ನೆ. ಕಾಲೇಜಿಗೆ ಬಸ್ಸಿದೆಯೇ, ಸಂಜೆ ಆ ದಾರಿಯಲ್ಲಿ ಬೆಳಕಿದೆಯೇ ಎಂಬುದು ಮಗಳ ಪ್ರಶ್ನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯ ಮೂಲಕ ರಾಜ್ಯದ ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಜಾರಿಯಾಯಿತು. ಆದರೆ ಸರಕಾರಿ ಬಸ್ಸೇ ಬಾರದ ಬಡಾವಣೆಯಲ್ಲಿ ಮನೆ ಹಿಡಿದರೆ ಅದರಿಂದ ಮಗಳಿಗೇನು ಪ್ರಯೋಜನ? ಆಸ್ಪತ್ರೆ ಎಷ್ಟು ದೂರ ಎಂಬುದು ತಾಯಿಯ ಪ್ರಶ್ನೆ. ಈ ಪ್ರಶ್ನೆಗಳಿಗೆ ಉತ್ತರ ಸಂಬಂಧಿಕರ ಫೋನಿನಲ್ಲಿ ಸಿಗದು. ಸಾಧ್ಯವಾದರೆ ಬೇಸಿಗೆಯಲ್ಲಿ ನಾಲ್ಕು ದಿನ ಆ ಊರಿನಲ್ಲಿದ್ದು ಕಣ್ಣಾರೆ ನೋಡಬೇಕು.

ಎರಡನೆಯದಾಗಿ, ಶೈಕ್ಷಣಿಕ ವರ್ಷದ ನಡುವೆ ಊರು ಬದಲಿಸಬಾರದು. ಎಂಟನೇ ತರಗತಿಯವರೆಗೆ, ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ ಮತ್ತು ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಆ ರಕ್ಷಣೆಯಿಲ್ಲ. ಆದ್ದರಿಂದ ಮೊದಲು ಸೀಟು, ಬಳಿಕ ಮನೆ. ಮೂರನೆಯದಾಗಿ, ಹೊಸ ಊರಿಗೆ ಹೋದೊಡನೆ ನಮೂನೆ 8ನ್ನು ಸಲ್ಲಿಸಿ ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಬೇಕು, ಪಡಿತರ ಚೀಟಿಯನ್ನು ಸರಿಪಡಿಸಿಕೊಳ್ಳಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ಕುಟುಂಬದ ಚರಂಡಿಗೆ ಯಾವ ನಗರಸಭಾ ಸದಸ್ಯ ಉತ್ತರ ಕೊಡುತ್ತಾನೆ?

ಇಲ್ಲಿ ಜಮಾಅತ್‌ಗಳಿಗೂ ಹೊಣೆಯಿದೆ. ಹೊಸದಾಗಿ ಬಂದ ಕುಟುಂಬದಿಂದ ಮಾಸಿಕ ವಂತಿಗೆ ಕೇಳುವುದಕ್ಕಿಂತ ಮೊದಲು ಅದರ ಮಕ್ಕಳು ಶಾಲೆಗೆ ಸೇರಿದ್ದಾರೆಯೇ ಎಂದು ಕೇಳುವ ಪದ್ಧತಿ ಪ್ರತಿ ಮೊಹಲ್ಲಾದಲ್ಲಿ ಆರಂಭವಾಗಬೇಕು. ಊರಿನ ಶಾಲೆ-ಕಾಲೇಜು, ಆಸ್ಪತ್ರೆ, ಬಾಡಿಗೆ ಮನೆಗಳ ಮಾಹಿತಿಯನ್ನು ಮಸೀದಿಯ ಫಲಕದಲ್ಲಿ ಬರೆಯಲು ಹೆಚ್ಚಿನ ಹಣವೇನೂ ಬೇಡ. ಹಾಗೆ ಕೇಳುವವರು ಒಬ್ಬರಿದ್ದಿದ್ದರೂ ಆ ಬಟ್ಟೆ ವ್ಯಾಪಾರಿಯ ಮಗಳು ಇಂದು ಪದವೀಧರೆಯಾಗಿರುತ್ತಿದ್ದಳೇನೋ.

ಬದುಕು ಕಟ್ಟಲೆಂದೇ ನಾವು ಊರು ಬಿಡುತ್ತೇವೆ. ಆ ಪ್ರಯಾಣದಲ್ಲಿ ಮನೆಯ ಸಾಮಾನೆಲ್ಲ ಜೋಪಾನವಾಗಿ ತಲುಪಿ, ಮಗಳ ಪುಸ್ತಕದ ಚೀಲ ಮಾತ್ರ ಹಳೆಯ ಊರಿನಲ್ಲೇ ಉಳಿದುಹೋಗದಿರಲಿ.